ಡೀಸೆಲ್ ಗಾಡಿಯ ಆರೈಕೆ: ಬೆಂಗಳೂರಿನ ಹೊರವಲಯದ ಬರೆಯದ ಚರಿತ್ರೆ



ಬೆಂಗಳೂರಿನ ಕೈಗಾರಿಕಾ ಚರಿತ್ರೆ ಎಂದೊಡನೆ ನಿಮಗೆ ಯಾವ ಹೆಸರುಗಳು ನೆನಪಾಗುತ್ತವೆ? 1940ರ ಎಚ್.ಎ.ಎಲ್., 1948ರ ಐ.ಟಿ.ಐ., 1953ರ ಎಚ್.ಎಂ.ಟಿ., 1954ರ ಬಿ.ಇ.ಎಲ್. ಅನಂತರ ಪೀಣ್ಯದ ಸಣ್ಣ ಕೈಗಾರಿಕೆಗಳು, ಎಲೆಕ್ಟ್ರಾನಿಕ್ ಸಿಟಿಯ ಕಂಪ್ಯೂಟರ್ ಸಂಸ್ಥೆಗಳು, ವೈಟ್‌ಫೀಲ್ಡಿನ ಟೆಕ್ ಪಾರ್ಕ್. ಇವನ್ನೆಲ್ಲ ನೀವು ಓದಿದ್ದೀರಿ, ಪರೀಕ್ಷೆಯಲ್ಲಿ ಬರೆದೂ ಇದ್ದೀರಿ. ಆದರೆ ಇಲ್ಲೊಂದು ಪ್ರಶ್ನೆ. ಈ ಕಾರ್ಖಾನೆಗಳಿಗೆ ಕಬ್ಬಿಣದ ಸರಳು, ಎರಕದ ಅಚ್ಚು, ಸಿಮೆಂಟು, ಯಂತ್ರದ ಬಿಡಿಭಾಗ ಇವೆಲ್ಲ ತಲುಪಿದ್ದು ಹೇಗೆ? ತಯಾರಾದ ಮಾಲು ಹೊರಗೆ ಹೋದದ್ದು ಹೇಗೆ?

ಬಹುಪಾಲು ಡೀಸೆಲ್ ಗಾಡಿಗಳಲ್ಲಿ. ಲಾರಿ, ಪಿಕಪ್, ಟೆಂಪೊ, ಟ್ರೈಲರ್. ಆ ಗಾಡಿಗಳನ್ನು ಹತ್ತು, ಹದಿನೈದು, ಇಪ್ಪತ್ತು ವರ್ಷ ಓಡಿಸಿದ್ದು ಅವುಗಳನ್ನು ತಯಾರಿಸಿದ ಕಂಪನಿಗಳಷ್ಟೇ ಅಲ್ಲ. ತುಮಕೂರು ರಸ್ತೆ, ಹೊಸೂರು ರಸ್ತೆ, ಹಳೇ ಮದ್ರಾಸು ರಸ್ತೆಗಳ ಬದಿಯ ಗ್ಯಾರೇಜುಗಳೂ ಓಡಿಸಿದವು. ಈ ಗ್ಯಾರೇಜುಗಳ ಜ್ಞಾನ ಯಾವ ಚರಿತ್ರೆಯ ಪುಸ್ತಕದಲ್ಲೂ ಹೆಚ್ಚಾಗಿ ಸಿಗುವುದಿಲ್ಲ. ಕಾರ್ಯಕ್ರಮದಲ್ಲಿ ಸಮಯದ ಮಿತಿಯಿಂದಾಗಿ ವಿವರವಾಗಿ ಹೇಳಲಾಗದ ಈ ಸಂಗತಿಯನ್ನು ಇಲ್ಲಿ ನಿಮ್ಮ ಮುಂದಿಡುತ್ತಿದ್ದೇನೆ.

ಮೂರು ವಲಯಗಳು, ಒಂದು ಅಗತ್ಯ

ಪೀಣ್ಯದ ಕೈಗಾರಿಕಾ ವಸಾಹತು ರೂಪುಗೊಂಡದ್ದು 1970ರ ದಶಕದಲ್ಲಿ. ಇಲ್ಲಿ ಅನೇಕ ವಸ್ತುಗಳು ಒಂದೇ ಸೂರಿನಡಿ ತಯಾರಾಗುವುದಿಲ್ಲ. ಒಂದು ಷೆಡ್ಡಿನಲ್ಲಿ ಲೇತ್ ಕೆಲಸ, ಇನ್ನೊಂದರಲ್ಲಿ ಹೀಟ್ ಟ್ರೀಟ್‌ಮೆಂಟ್, ಮತ್ತೊಂದರಲ್ಲಿ ಪ್ಲೇಟಿಂಗ್. ಪ್ರತಿ ಹಂತಕ್ಕೂ ಮಾಲು ಚಿಕ್ಕ ಗಾಡಿಯಲ್ಲಿ ಬೀದಿ ದಾಟಬೇಕು. ಗಾಡಿ ಒಂದು ದಿನ ಕೆಟ್ಟು ನಿಂತರೆ ಮೂರು ಷೆಡ್ಡುಗಳ ಕೆಲಸ ನಿಲ್ಲುತ್ತದೆ.

ಎಲೆಕ್ಟ್ರಾನಿಕ್ ಸಿಟಿ ಆರ್.ಕೆ. ಬಾಳಿಗ ಅವರ ಕನಸು. 1978ರಲ್ಲಿ ಕಿಯೋನಿಕ್ಸ್ ಸಂಸ್ಥೆ ಕೋನಪ್ಪನ ಅಗ್ರಹಾರ ಮತ್ತು ದೊಡ್ಡತೋಗೂರು ಗ್ರಾಮಗಳ 332 ಎಕರೆಯಲ್ಲಿ ಅದಕ್ಕೆ ಬುನಾದಿ ಹಾಕಿತು. ವೈಟ್‌ಫೀಲ್ಡ್ ಇನ್ನೂ ಹಳೆಯದು, 1882ರಲ್ಲಿ ಆಂಗ್ಲೋ ಇಂಡಿಯನ್ ಕುಟುಂಬಗಳ ಕೃಷಿ ವಸತಿಯಾಗಿ ಹುಟ್ಟಿದ ಊರು. ಹಡಗಿನ ಕಂಟೇನರುಗಳನ್ನು ಇಳಿಸಿಕೊಳ್ಳುವ ಭಾರತದ ಮೊದಲ ಒಳನಾಡು ಡಿಪೋ ಆರಂಭವಾದದ್ದು 1981ರಲ್ಲಿ, ಬೆಂಗಳೂರಿನಲ್ಲೇ. ಮುಂದೆ ವೈಟ್‌ಫೀಲ್ಡ್ ಈ ಕಂಟೇನರುಗಳ ನಿಲ್ದಾಣವಾಯಿತು. ಅಲ್ಲಿಂದ ಕಾರ್ಖಾನೆಯ ಬಾಗಿಲಿಗೆ ಅವನ್ನು ಹೊತ್ತು ತರುವುದು ಟ್ರೈಲರುಗಳ ಕೆಲಸ.

ಮೂರೂ ವಲಯಗಳ ಕಥೆ ಬೇರೆ ಬೇರೆ. ಆದರೆ ಕೆಟ್ಟ ಗಾಡಿಯನ್ನು ಬೇಗ, ಕಡಿಮೆ ಖರ್ಚಿನಲ್ಲಿ ಸರಿಮಾಡುವವರು ಮೂರಕ್ಕೂ ಬೇಕಾಗಿದ್ದರು.

ಆಗ್ಸ್‌ಬರ್ಗಿನಿಂದ ಆಡುಗೋಡಿಗೆ

ಸೈಕಲ್ ಪಂಪು ಹೊಡೆಯುವಾಗ ಅದರ ತುದಿ ಬಿಸಿಯಾಗುವುದನ್ನು ನೀವು ಮುಟ್ಟಿ ನೋಡಿರುತ್ತೀರಿ. ಗಾಳಿಯನ್ನು ಒತ್ತಿದರೆ ಅದು ಬಿಸಿಯಾಗುತ್ತದೆ. ಡೀಸೆಲ್ ಎಂಜಿನ್ನಿನ ಮೂಲತತ್ತ್ವ ಇಷ್ಟೇ. ಸಿಲಿಂಡರಿನೊಳಗಿನ ಗಾಳಿಯನ್ನು ಹದಿನೈದರಿಂದ ಇಪ್ಪತ್ತನೇ ಒಂದು ಪಾಲಿಗೆ ಒತ್ತಿದಾಗ ಅದರ ಉಷ್ಣತೆ 500 ಡಿಗ್ರಿ ಸೆಲ್ಸಿಯಸ್ ಮೀರುತ್ತದೆ. ಆ ಬಿಸಿಗಾಳಿಗೆ ಡೀಸೆಲ್ಲನ್ನು ಸಣ್ಣ ಹನಿಗಳಾಗಿ ಚಿಮ್ಮಿಸಿದರೆ ಕಿಡಿಯ ಸಹಾಯವಿಲ್ಲದೆ ಅದು ಹೊತ್ತಿಕೊಳ್ಳುತ್ತದೆ. ರುಡಾಲ್ಫ್ ಡೀಸೆಲ್ 1892ರಲ್ಲಿ ಇದಕ್ಕೆ ಪೇಟೆಂಟ್ ಕೋರಿದರು. 1897ರಲ್ಲಿ ಜರ್ಮನಿಯ ಆಗ್ಸ್‌ಬರ್ಗಿನಲ್ಲಿ ನಡೆದ ಪರೀಕ್ಷೆಯಲ್ಲಿ ಅವರ ಎಂಜಿನ್ ಇಂಧನದ ಶಕ್ತಿಯ ಸುಮಾರು ಶೇಕಡ 26 ಭಾಗವನ್ನು ಉಪಯುಕ್ತ ಕೆಲಸವಾಗಿ ಪರಿವರ್ತಿಸಿತು. ಅಂದಿನ ಹಬೆಯ ಎಂಜಿನ್ನುಗಳಿಗೆ ಇದು ಎಟುಕದ ಮಾತಾಗಿತ್ತು.

ಆದರೆ ಆ ಎಂಜಿನ್ ರಸ್ತೆಗೆ ಇಳಿಯಲಿಲ್ಲ. ಇಂಧನವನ್ನು ಚಿಮ್ಮಿಸಲು ಭಾರವಾದ ಕಂಪ್ರೆಸರ್ ಬೇಕಿತ್ತು. 1927ರಲ್ಲಿ ಬಾಷ್ ಕಂಪನಿ ಚಿಕ್ಕ ಇಂಧನ ಪಂಪುಗಳನ್ನು ದೊಡ್ಡ ಸಂಖ್ಯೆಯಲ್ಲಿ ತಯಾರಿಸತೊಡಗಿದ ಮೇಲೆ ಲಾರಿಗಳಿಗೆ ಡೀಸೆಲ್ ಒಗ್ಗಿತು.

ಆ ಪಂಪು ಬೆಂಗಳೂರಿಗೆ ಬಂದದ್ದು ಮೈಕೋ ಮೂಲಕ. 1951ರಲ್ಲಿ ಸ್ಥಾಪನೆಯಾದ ಮೋಟಾರ್ ಇಂಡಸ್ಟ್ರೀಸ್ ಕಂಪನಿಯೇ ಮೈಕೋ. ನಿಮ್ಮಲ್ಲಿ ಕೆಲವರು ಮೈಕೋ ಲೇಔಟಿನಲ್ಲಿ ವಾಸವಾಗಿರಬಹುದು. ಆ ಹೆಸರು ಬಂದದ್ದು ಈ ಕಾರ್ಖಾನೆಯಿಂದಲೇ. ಆಡುಗೋಡಿಯಲ್ಲಿ ಅದು ಇಂಧನ ಪಂಪು, ಸ್ಪಾರ್ಕ್ ಪ್ಲಗ್ ತಯಾರಿಸಿತು. ಪಂಪಿನೊಳಗಿನ ಪ್ಲಂಜರ್ ಮತ್ತು ಅದು ಓಡಾಡುವ ಬ್ಯಾರೆಲ್ ನಡುವಿನ ಸಂದು ಒಂದು ಮಿಲಿಮೀಟರಿನ ಸಾವಿರದಲ್ಲಿ ಎರಡು ಮೂರು ಪಾಲು ಮಾತ್ರ. ನಿಮ್ಮ ತಲೆಗೂದಲು ಅದಕ್ಕಿಂತ ಇಪ್ಪತ್ತು ಪಟ್ಟಿಗೂ ಹೆಚ್ಚು ದಪ್ಪ. ಇಷ್ಟು ನಾಜೂಕಿನ ವಸ್ತು ಕೆಟ್ಟರೆ ಸುತ್ತಿಗೆ, ಸ್ಪಾನರ್ ಸಾಲದು. ಅಳತೆ ಬೇಕು. ಹೀಗೆ ಪಂಪು, ನಾಜಲ್ ಪರೀಕ್ಷಿಸುವ ಅಂಗಡಿಗಳು ಹುಟ್ಟಿಕೊಂಡವು. ಪ್ರತಿ ಸಿಲಿಂಡರಿಗೂ ಸಮನಾಗಿ ಡೀಸೆಲ್ ಹೋಗುತ್ತಿದೆಯೇ ಎಂದು ಗಾಜಿನ ಕೊಳವೆಗಳಲ್ಲಿ ಅಳೆಯುವ ಈ ಅಂಗಡಿಗಳು ನಿಮ್ಮ ಕಾಲೇಜಿನ ಪ್ರಯೋಗಶಾಲೆಗೆ ದೂರದ ನೆಂಟರಲ್ಲ!

1986ರಲ್ಲಿ ಟಾಟಾ 407 ಬಂತು. ಆಗ ಜಪಾನಿ ಸಹಯೋಗದ ಡಿ.ಸಿ.ಎಂ. ಟೊಯೊಟಾ, ಆಲ್ವಿನ್ ನಿಸಾನ್, ಸ್ವರಾಜ್ ಮಾಜ್ದಾ, ಐಷರ್ ಮಿತ್ಸುಬಿಷಿ ಗಾಡಿಗಳೂ ಮಾರುಕಟ್ಟೆಯಲ್ಲಿದ್ದವು. 1988ರಲ್ಲಿ ಟಾಟಾ ಪಿಕಪ್ ಕೂಡ ಸೇರಿತು. 407ರಲ್ಲಿ ಬಳಸಿದ ಎಂಜಿನ್ನಿಗೆ 497 ಎಂದು ಹೆಸರು. 4 ಸಿಲಿಂಡರ್, 97 ಮಿಲಿಮೀಟರ್ ವ್ಯಾಸ ಎಂದು ಅದರ ಅರ್ಥ. ಪಿಸ್ಟನ್ನಿನ ಓಟ 100 ಮಿಲಿಮೀಟರ್. ಸಿಲಿಂಡರಿನ ಘನಫಲದ ಸೂತ್ರ ನಿಮಗೆ ಗೊತ್ತಲ್ಲ, ಲೆಕ್ಕ ಹಾಕಿ ನೋಡಿ: 2,956 ಘನ ಸೆಂಟಿಮೀಟರ್ ಬರುತ್ತದೆ.

ಕಾಯಿಲೆ ಪತ್ತೆ ಮಾಡುವ ಕ್ರಮ

ಎಂಜಿನ್ ಸ್ಟಾರ್ಟ್ ಆಗುತ್ತಿಲ್ಲ ಎಂದುಕೊಳ್ಳಿ. ಅನುಭವಿ ಮೆಕ್ಯಾನಿಕ್ ಮೊದಲು ಪಂಪಿಗೆ ಕೈಹಾಕುವುದಿಲ್ಲ. ಟ್ಯಾಂಕಿನಲ್ಲಿ ಡೀಸೆಲ್ ಇದೆಯೇ? ಬ್ಯಾಟರಿಯ ತಂತಿ ಬಿಗಿಯಾಗಿದೆಯೇ? ಫಿಲ್ಟರಿನಲ್ಲಿ ನೀರು ನಿಂತಿದೆಯೇ? ಸುಲಭವಾದುದು, ಖರ್ಚಿಲ್ಲದ್ದು ಮೊದಲು. ಕಷ್ಟದ್ದು, ದುಬಾರಿಯದು ಕೊನೆಗೆ.

ಅನಂತರ ಬರುವ ಮಾತು ‘ಏರ್ ಹಿಡಿದಿದೆ’. ಡೀಸೆಲ್ ಪೈಪಿನಲ್ಲಿ ಗಾಳಿಯ ಗುಳ್ಳೆ ಸೇರಿದೆ ಎಂದು ಅರ್ಥ. ಅದರಿಂದ ಏನಾಗುತ್ತದೆ? ದ್ರವವನ್ನು ಒತ್ತಿದರೆ ಅದು ಹೆಚ್ಚು ಕುಗ್ಗದೆ ಒತ್ತಡವನ್ನು ಮುಂದಕ್ಕೆ ದಾಟಿಸುತ್ತದೆ. ಗಾಳಿಯನ್ನು ಒತ್ತಿದರೆ ಅದೇ ಕುಗ್ಗಿ ಕುಳಿತುಕೊಳ್ಳುತ್ತದೆ. ಹಳೆಯ ಎಂಜಿನ್ನುಗಳಲ್ಲಿ ನಾಜಲಿನ ಸೂಜಿ ಏಳಲು ವಾತಾವರಣದ ಸುಮಾರು 200 ಪಟ್ಟು ಒತ್ತಡ ಬೇಕು. ಪಂಪು ಎಷ್ಟು ದುಡಿದರೂ ಗುಳ್ಳೆ ಆ ಒತ್ತಡವನ್ನು ನುಂಗಿಬಿಡುತ್ತದೆ. ಆದ್ದರಿಂದ ಫಿಲ್ಟರಿನ ಮೇಲಿನ ಸ್ಕ್ರೂ ಸಡಿಲಿಸಿ, ಕೈಪಂಪು ಒತ್ತಿ, ಗುಳ್ಳೆಯಿಲ್ಲದ ಡೀಸೆಲ್ ಬರುವ ತನಕ ಗಾಳಿ ತೆಗೆಯುತ್ತಾರೆ. ಡೀಸೆಲ್ ಪೂರ್ತಿ ಖಾಲಿಯಾಗಿ ನಿಂತ ಹಳೆಯ ಗಾಡಿಗೆ ಬರೀ ಡೀಸೆಲ್ ತುಂಬಿಸಿದರೆ ಸಾಲದು ಎನ್ನುವುದು ಇದಕ್ಕೇ.

ಎಂಜಿನ್ ಓಡುತ್ತಿದೆ, ಆದರೆ ‘ಪಿಕಪ್ ಇಲ್ಲ’, ಮೈಯೆಲ್ಲ ನಡುಗುತ್ತಿದೆ. ಯಾವ ಸಿಲಿಂಡರ್ ಸೋತಿದೆ? ಮೆಕ್ಯಾನಿಕ್ ಒಂದೊಂದೇ ನಾಜಲಿನ ಪೈಪಿನ ನಟ್ಟನ್ನು ಸ್ವಲ್ಪ ಸಡಿಲಿಸುತ್ತಾನೆ. ಒಳ್ಳೆಯ ಸಿಲಿಂಡರಿನದಾದರೆ ಎಂಜಿನ್ನಿನ ಸದ್ದು ಕುಗ್ಗುತ್ತದೆ. ಸಡಿಲಿಸಿದರೂ ಸದ್ದು ಬದಲಾಗದಿದ್ದರೆ ಸೋತದ್ದು ಅದೇ! ಒಂದು ಬಾರಿಗೆ ಒಂದೇ ಅಂಶ ಬದಲಿಸಿ ಫಲಿತಾಂಶ ನೋಡುವ ಈ ವಿಧಾನ ವಿಜ್ಞಾನದ ವಿದ್ಯಾರ್ಥಿಗಳಿಗೆ ಹೊಸದಲ್ಲ. ಆದರೆ ನೀವಾಗಿ ಇದನ್ನು ಮಾಡಲು ಹೋಗಬೇಡಿ. ಆ ಒತ್ತಡದಲ್ಲಿ ಚಿಮ್ಮುವ ಡೀಸೆಲ್ ಚರ್ಮವನ್ನು ಸೀಳಿ ಒಳಹೋಗಬಲ್ಲದು.

ಇನ್ನು ಹೊಗೆ. ಕಪ್ಪು ಹೊಗೆ ಎಂದರೆ ಡೀಸೆಲ್ ಹೆಚ್ಚು, ಗಾಳಿ ಕಡಿಮೆ: ಏರ್ ಫಿಲ್ಟರ್ ಕಟ್ಟಿರಬಹುದು, ನಾಜಲ್ ಹನಿ ಒಡೆಯದೆ ಸುರಿಸುತ್ತಿರಬಹುದು, ಗಾಡಿಗೆ ಮಿತಿಮೀರಿ ಮಾಲು ಹೇರಿರಬಹುದು. ನೀಲಿ ಹೊಗೆ ಎಂದರೆ ಎಂಜಿನ್ ‘ಆಯಿಲ್ ಕುಡಿಯುತ್ತಿದೆ’: ರಿಂಗು, ಲೈನರ್ ಸವೆದಿವೆ. ಬಿಳಿ ಹೊಗೆಗೆ ಎರಡು ಅರ್ಥ. ಡೀಸೆಲ್ಲಿನ ಘಾಟು ಇದ್ದರೆ ಅದು ಉರಿಯದೆ ಹೊರಬರುತ್ತಿದೆ. ಘಾಟಿಲ್ಲದೆ ಹಬೆಯಂತಿದ್ದು ರೇಡಿಯೇಟರಿನ ನೀರು ದಿನದಿನಕ್ಕೆ ಇಳಿಯುತ್ತಿದ್ದರೆ ಹೆಡ್ ಗ್ಯಾಸ್ಕೆಟ್ ಹೋಗಿರುವ ಶಂಕೆ. ಬೆಂಗಳೂರು ಸಮುದ್ರಮಟ್ಟದಿಂದ ಸುಮಾರು 900 ಮೀಟರ್ ಎತ್ತರದಲ್ಲಿದೆ. ಇಲ್ಲಿನ ಗಾಳಿಯ ಸಾಂದ್ರತೆ ಕರಾವಳಿಗಿಂತ ಸುಮಾರು ಹತ್ತನೇ ಒಂದು ಪಾಲು ಕಡಿಮೆ. ಟರ್ಬೊ ಇಲ್ಲದ ಹಳೆಯ ಎಂಜಿನ್ನು ಕರಾವಳಿಯ ಅಳತೆಯಲ್ಲೇ ಡೀಸೆಲ್ ಕುಡಿದರೆ ಇಲ್ಲಿ ಹೊಗೆ ಹೆಚ್ಚುವುದು ಸಹಜ.

ಹಿಂದೆ ಬರುವ ಗಾಡಿ

ಎಳೆಯುವ ಗಾಡಿಗೆ ಸಿಗುವ ಗಮನ ಹಿಂದೆ ಬರುವ ಟ್ರೈಲರಿಗೆ ಸಿಗುವುದಿಲ್ಲ. ಅಪಾಯ ಮಾತ್ರ ಅಲ್ಲೇ ಹೆಚ್ಚು. ಕಂಟೇನರ್ ಟ್ರೈಲರಿನ ಇಡೀ ಎಳೆತ ನಿಂತಿರುವುದು ಕಿಂಗ್ ಪಿನ್ ಎಂಬ ಸುಮಾರು 50 ಮಿಲಿಮೀಟರ್ ದಪ್ಪದ ಉಕ್ಕಿನ ಗೂಟದ ಮೇಲೆ. ಅದು, ಅದನ್ನು ಹಿಡಿಯುವ ದವಡೆ, ಎರಡೂ ಸವೆಯುತ್ತವೆ. ಗ್ರೀಸ್ ಹಚ್ಚುವುದು, ಲಾಕ್ ಕೂತಿದೆಯೇ ಎಂದು ಇಳಿದು ಕಣ್ಣಾರೆ ನೋಡುವುದು ಪ್ರತಿ ಸಲದ ಕರ್ತವ್ಯ.

ಬ್ರೇಕು ಗಾಳಿಯ ಒತ್ತಡದಿಂದ ನಡೆಯುತ್ತದೆ. ಇಲ್ಲಿ ಜಾಣತನ ಒಂದಿದೆ: ಗಾಳಿಯ ಪೈಪು ಕಿತ್ತುಹೋದರೆ ಟ್ರೈಲರಿನ ಬ್ರೇಕು ತಾನಾಗಿ ಹಿಡಿಯುತ್ತದೆ. ಜಾರ್ಜ್ ವೆಸ್ಟಿಂಗ್‌ಹೌಸ್ 19ನೇ ಶತಮಾನದಲ್ಲಿ ರೈಲುಗಳಿಗಾಗಿ ರೂಪಿಸಿದ ತತ್ತ್ವ ಇದು. ಗಾಳಿಯನ್ನು ಒತ್ತಿ ತಣಿಸಿದಾಗ ಅದರಲ್ಲಿನ ತೇವ ನೀರಾಗಿ ಟ್ಯಾಂಕಿನ ತಳ ಸೇರುತ್ತದೆ. ಅದನ್ನು ಬಸಿದು ಹಾಕದಿದ್ದರೆ ತುಕ್ಕು ಹಿಡಿದು ವಾಲ್ವು ಕೈಕೊಡುತ್ತದೆ. ಬ್ರೇಕ್ ಒತ್ತಿದಾಗ ಇಂಡಿಕೇಟರ್ ಮಂಕಾಗಿ ಮಿನುಗಿದರೆ ಬಲ್ಬು ಬದಲಿಸುವ ಮೊದಲು ಅರ್ತ್ ತಂತಿ ನೋಡಬೇಕು. ತುಕ್ಕಿನ ಬಳಿ ದಾರಿ ಕಾಣದ ವಿದ್ಯುತ್ತು ಬೇರೆ ಬಲ್ಬಿನ ಮೂಲಕ ಸುತ್ತಿ ಹೋಗುತ್ತಿರುತ್ತದೆ.

ಕಟ್ಟಡಗಳು ಏಳುವ ಜಾಗಗಳಲ್ಲಿ ಪಿಕಪ್ಪಿನ ಹಿಂದೆ ಕಾಂಕ್ರೀಟ್ ಮಿಕ್ಸರನ್ನೋ ಏರ್ ಕಂಪ್ರೆಸರನ್ನೋ ಕಟ್ಟಿಕೊಂಡು ಹೋಗುವುದನ್ನು ನೀವು ನೋಡಿರಬಹುದು. ಇಂಥ ಚಿಕ್ಕ ಟ್ರೈಲರಿನಲ್ಲಿ ಭಾರ ಹಿಂದಕ್ಕೆ ಹೋದಷ್ಟೂ ಅದು ಹಾವಿನಂತೆ ಓಲಾಡುತ್ತದೆ. ಒಟ್ಟು ತೂಕದ ಹತ್ತನೇ ಒಂದು ಪಾಲಾದರೂ ಕೊಂಡಿಯ ಮೇಲೆ ಬೀಳುವಂತಿರಬೇಕು. ಕೊಂಡಿಯ ಜೊತೆಗೆ ಒಂದು ಸರಪಳಿಯೂ ಇರಬೇಕು.

ಕಾಲ ಬದಲಾಯಿತು

2000ನೆಯ ಇಸವಿಯಿಂದ ಹೊಗೆಯ ನಿಯಮಗಳು ಹಂತ ಹಂತವಾಗಿ ಬಿಗಿಯಾದವು. 2020ರ ಏಪ್ರಿಲಿನಲ್ಲಿ ದೇಶಾದ್ಯಂತ ಭಾರತ್ ಸ್ಟೇಜ್ 6 ಬಂತು. ಎರಡನೇ ಹಂತದಲ್ಲಿ ಡೀಸೆಲ್ಲಿನ ಹತ್ತು ಲಕ್ಷ ಪಾಲಿಗೆ 500 ಪಾಲು ಗಂಧಕಕ್ಕೆ ಅವಕಾಶವಿತ್ತು, ಈಗ 10 ಮಾತ್ರ. ಹೊಸ ಗಾಡಿಗಳಲ್ಲಿ ಒತ್ತಡ ವಾತಾವರಣದ ಸಾವಿರ ಪಟ್ಟನ್ನು ಮೀರುತ್ತದೆ. ಯಾವಾಗ, ಎಷ್ಟು ಡೀಸೆಲ್ ಎಂಬುದನ್ನು ಕಂಪ್ಯೂಟರ್ ನಿರ್ಧರಿಸುತ್ತದೆ. ದೋಷ ಹುಡುಕಲು ಸ್ಕ್ಯಾನರ್ ಬೇಕು. 2008ರಲ್ಲಿ ಮೈಕೋ ಹೆಸರು ಬಾಷ್ ಲಿಮಿಟೆಡ್ ಎಂದಾಯಿತು. ಒಮ್ಮೆ ಪಂಪು ತಯಾರಾಗುತ್ತಿದ್ದ ಆಡುಗೋಡಿಯ ಆವರಣ 2022ರಲ್ಲಿ ತಂತ್ರಜ್ಞಾನ ಕೇಂದ್ರವಾಗಿ ಉದ್ಘಾಟನೆಯಾಯಿತು.

ಹಳೆಯ ಗಾಡಿಯ ಪರವಾಗಿ ಮಾತಾಡುವಾಗ ಇನ್ನೊಂದು ಸತ್ಯವನ್ನು ಮರೆಯಬಾರದು. 2012ರಲ್ಲಿ ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ ಡೀಸೆಲ್ ಹೊಗೆ ಮನುಷ್ಯರಲ್ಲಿ ಕ್ಯಾನ್ಸರ್ ತರಬಲ್ಲದು ಎಂದು ಖಚಿತವಾಗಿ ಹೇಳಿತು. ಆ ಹೊಗೆಯನ್ನು ಮೊದಲು ಉಸಿರಾಡುವವನು ಗ್ಯಾರೇಜಿನ ಹುಡುಗ, ಆಮೇಲೆ ರಸ್ತೆ ಬದಿಯಲ್ಲಿ ಬಸ್ಸಿಗೆ ಕಾಯುವ ನೀವು. ಎಷ್ಟೇ ಚೆನ್ನಾಗಿ ನೋಡಿಕೊಂಡರೂ 407ರ ಹಳೆಯ ಎಂಜಿನ್ ಇಂದಿನ ಎಂಜಿನ್ನಿನಷ್ಟು ಶುದ್ಧವಾಗಲಾರದು. ಕೇಂದ್ರ ಸರ್ಕಾರ 2021ರಲ್ಲಿ ವಾಹನ ಗುಜರಿ ನೀತಿಯನ್ನು ಪ್ರಕಟಿಸಿದ್ದರ ಹಿಂದೆ ಈ ಕಾರಣವೂ ಇದೆ. ಆದರೆ ಒಂದೇ ಗಾಡಿಯನ್ನು ನಂಬಿ ಮನೆ ನಡೆಸುವ ಮಾಲೀಕನಿಗೆ ಅದನ್ನು ಗುಜರಿಗೆ ಹಾಕುವುದು ಸುಲಭದ ನಿರ್ಧಾರವಲ್ಲ. ರಸ್ತೆಯಲ್ಲಿ ಇರುವಷ್ಟು ದಿನ ಅದರ ನಾಜಲ್, ಫಿಲ್ಟರ್, ಬ್ರೇಕು ಸರಿಯಾಗಿರಲಿ. ಅಷ್ಟರ ಮಟ್ಟಿಗೆ ಒಳ್ಳೆಯ ಮೆಕ್ಯಾನಿಕ್ ಊರಿನ ಆರೋಗ್ಯವನ್ನೂ ಕಾಯುತ್ತಾನೆ.

ಗಾಡಿಗಳು ಹೋಗುತ್ತವೆ, ಹೋಗಬೇಕು ಕೂಡ. ಆದರೆ ಸದ್ದು ಕೇಳಿ, ಹೊಗೆ ನೋಡಿ, ಒಂದೊಂದೇ ಕಾರಣವನ್ನು ತಳ್ಳಿಹಾಕುತ್ತ ದೋಷವನ್ನು ತಲುಪುವ ವಿದ್ಯೆಯೂ ಅವುಗಳೊಂದಿಗೆ ಗುಜರಿ ಸೇರಬೇಕೇ? ಈ ಜ್ಞಾನ ಹೆಚ್ಚಾಗಿ ಗುರುವಿನ ಕೈಯಿಂದ ಶಿಷ್ಯನ ಕೈಗೆ ಬಂದದ್ದು, ಕಾಗದಕ್ಕೆ ಇಳಿದದ್ದು ಕಡಿಮೆ. ಇಲ್ಲಿ ನೀವು ಮಾಡಬಹುದಾದ ಕೆಲಸವೊಂದಿದೆ. ರಜೆಯಲ್ಲಿ ನಿಮ್ಮ ಬಡಾವಣೆಯ ಹಳೆಯ ಗ್ಯಾರೇಜಿಗೋ ಪಂಪು ನಾಜಲ್ ಅಂಗಡಿಗೋ ಹೋಗಿ, ಹಿರಿಯರ ಅನುಮತಿ ಕೇಳಿ ಕುಳಿತುಕೊಳ್ಳಿ. ಅವರು ಯಾವ ವರ್ಷ ಈ ಕೆಲಸಕ್ಕೆ ಬಂದರು, ಯಾರಿಂದ ಕಲಿತರು, ಯಾವ ದೋಷಕ್ಕೆ ಯಾವ ಮಾತು ಬಳಸುತ್ತಾರೆ, ಇವನ್ನೆಲ್ಲ ಬರೆದುಕೊಳ್ಳಿ. ಅವರು ಹೇಳಿದ ದಿನಾಂಕವನ್ನು ಇನ್ನೊಬ್ಬರಲ್ಲೂ ವಿಚಾರಿಸಿ ತಾಳೆ ನೋಡಿ. ಪೀಣ್ಯದ, ವೈಟ್‌ಫೀಲ್ಡಿನ, ಎಲೆಕ್ಟ್ರಾನಿಕ್ ಸಿಟಿಯ ಚರಿತ್ರೆಯನ್ನು ಮುಂದೆ ಬರೆಯುವವರಿಗೆ ನಿಮ್ಮ ಆ ನೋಟ್‌ಬುಕ್ ಬೇಕಾಗುತ್ತದೆ.