ಒಂದೇ ಎಂಜಿನ್ನಿಗೆ ಎರಡು ಪಾಠ

ಓಲೆಗರಿಗಳ ಪಾಠಾಂತರಗಳನ್ನು ತರಗತಿಯಲ್ಲಿ ವಿವರಿಸುವುದು ನನ್ನ ವೃತ್ತಿ. ಮೋಟಾರು ವಿದ್ಯೆಗೂ ನನಗೂ ಬಹು ದೂರ. ಆದರೆ ಮೊನ್ನೆ ನನ್ನ ತಂಗಿಯ ಮಗ, “ಮಾವ, 1993ರ ಟೊಯೋಟ ಸುಪ್ರಾ ಕಾರಿನ ಟರ್ಬೋ ಎಂಜಿನ್ನಿಗೆ ಜಪಾನಿನಲ್ಲಿ 280 ಅಶ್ವಶಕ್ತಿ, ಅಮೆರಿಕದಲ್ಲಿ 320. ಎಂಜಿನ್ನಿನ ಹೆಸರು ಒಂದೇ. ಸುಳ್ಳು ಯಾವುದು?” ಎಂದು ಕೇಳಿದ. ಪ್ರಶ್ನೆ ನನ್ನ ವೃತ್ತಿಗೇ ಸೇರಿದ್ದೆಂದು ತೋರಿತು, ಹುಡುಕಲು ಕುಳಿತೆ.

ಟರ್ಬೋಚಾರ್ಜರಿನ ತತ್ತ್ವ ಸರಳ. ಎಂಜಿನ್ನಿನಿಂದ ವ್ಯರ್ಥವಾಗಿ ಹೊರಬೀಳುವ ಬಿಸಿ ಹೊಗೆ ಒಂದು ಪುಟ್ಟ ಚಕ್ರವನ್ನು ತಿರುಗಿಸುತ್ತದೆ. ಅದರೊಡನೆ ತಿರುಗುವ ಇನ್ನೊಂದು ಚಕ್ರ ಹೆಚ್ಚು ಗಾಳಿಯನ್ನು ಎಂಜಿನ್ನಿನೊಳಕ್ಕೆ ಒತ್ತುತ್ತದೆ. ಗಾಳಿ ಹೆಚ್ಚಿದರೆ ಉರಿಸಬಲ್ಲ ಪೆಟ್ರೋಲೂ ಹೆಚ್ಚು, ಶಕ್ತಿಯೂ ಹೆಚ್ಚು. ಸ್ವಿಟ್ಜರ್ಲೆಂಡಿನ ಆಲ್ಫ್ರೆಡ್ ಬೂಖಿ 1905ರಲ್ಲಿಯೇ ಇದಕ್ಕೆ ಪೇಟೆಂಟ್ ಪಡೆದಿದ್ದನು. ಜಪಾನಿನ ಕಾರುಗಳಿಗೆ ಇದು ಬಂದುದು 1979ರಲ್ಲಿ, ನಿಸ್ಸಾನ್ ಸೆಡ್ರಿಕ್ ಮತ್ತು ಗ್ಲೋರಿಯಾಗಳ ಮೂಲಕ. ಮುಂದಿನ ಹತ್ತು ವರ್ಷ ಕಂಪನಿಗಳ ನಡುವೆ ಅಶ್ವಶಕ್ತಿಯ ಮೇಲಾಟವೇ ನಡೆಯಿತು.

1988ರಲ್ಲಿ ಆ ದೇಶದ ರಸ್ತೆಗಳಲ್ಲಿ ಸತ್ತವರ ಸಂಖ್ಯೆ ಹತ್ತು ಸಾವಿರವನ್ನು ದಾಟಿತು. ಮರುವರ್ಷ ತಯಾರಕರು, ತವರಿನಲ್ಲಿ ಮಾರುವ ಕಾರಿಗೆ 280 ಅಶ್ವಶಕ್ತಿಯೇ ಮೇರೆ ಎಂದು ತಮ್ಮತಮ್ಮಲ್ಲೇ ಮಾತಾದರು. ಅದೇ ವರ್ಷ ಬಂದ ನಿಸ್ಸಾನ್ ಸ್ಕೈಲೈನ್ ಜಿಟಿ-ಆರ್ ಕಾರಿನ ಕಾಗದದಲ್ಲಿ 280 ಎಂದಿತ್ತು. ಬಳಿಕದ ಸುಪ್ರಾದಲ್ಲಿಯೂ ಅದೇ.

ಪಾಠಾಂತರವಿರುವುದು ಒಳಗೆ. ತವರಿನ ಸುಪ್ರಾದಲ್ಲಿ ಹೊಗೆ ತಿರುಗಿಸುವ ಚಕ್ರ ಸೆರಾಮಿಕ್ಕಿನದು. ಅದು ಹಗುರ, ಬೇಗ ತಿರುಗುತ್ತದೆ, ಕಾರು ಥಟ್ಟನೆ ಚಿಮ್ಮುತ್ತದೆ. ಆದರೆ ಒತ್ತಡವನ್ನು ಮಿತಿಮೀರಿ ಏರಿಸಿದರೆ ಒಡೆಯುತ್ತದೆ. ಪರದೇಶಕ್ಕೆ ಹೋದುದರಲ್ಲಿ ಉಕ್ಕಿನ ಚಕ್ರ; ತೂಕ ಹೆಚ್ಚು, ತಾಳಿಕೆಯೂ ಹೆಚ್ಚು. ಪೆಟ್ರೋಲು ಚಿಮುಕಿಸುವ ಇಂಜೆಕ್ಟರುಗಳೂ ದೊಡ್ಡವು. ಜಿಟಿ-ಆರ್ ಕಾರಿನಲ್ಲಿಯೂ ಪಂದ್ಯವನ್ನು ಉದ್ದೇಶಿಸಿದ ಎನ್1 ಮಾದರಿಗೆ ಸೆರಾಮಿಕ್ಕಿನ ಬದಲು ಉಕ್ಕನ್ನು ಹಾಕಿದರು. ಕಾಗದದಲ್ಲಿ ಮಾತ್ರ ಅದೇ 280!

ಹಾಗಾದರೆ ಸುಳ್ಳು ಯಾವುದು? ಸುಪ್ರಾದ ಎರಡು ಅಂಕಿಗಳೂ ಸುಳ್ಳಲ್ಲ. ಅವು ಎರಡು ಬೇರೆ ಪಾಠಗಳು. ಆದರೆ ಪರೀಕ್ಷಿಸಿದಾಗ 280ನ್ನು ಮೀರಿದ ಕಾರುಗಳೂ ಇದ್ದುವು. ಒಪ್ಪಂದ ಕಾಗದವನ್ನು ಕಟ್ಟಿಹಾಕಿತೇ ಹೊರತು ಎಂಜಿನ್ನನ್ನಲ್ಲ. 2004ರಲ್ಲಿ ಅದನ್ನು ಕೈಬಿಟ್ಟರು. ಹೋಂಡಾ ಲೆಜೆಂಡ್ 300 ಅಶ್ವಶಕ್ತಿಯೊಡನೆ ಹೊರಬಂದಿತು.

ಹುಡುಗ ನಕ್ಕು, “ಅಂದರೆ ಬರೀ ನಾಟಕ” ಎಂದ. ನನಗೆ ಅಷ್ಟು ಸುಲಭವಾಗಿ ನಗಲಾಗಲಿಲ್ಲ. ಹತ್ತು ಸಾವಿರ ಸಾವುಗಳೆದುರು ನಾಚಿ ಕೊಟ್ಟ ಮಾತು ಅದು. ಪೂರ್ತಿ ಉಳಿಸಿಕೊಳ್ಳಲಾಗದಿದ್ದರೂ, ನಾಚಿಕೆಯಂತೂ ನಿಜವಾಗಿದ್ದಿತಲ್ಲವೆ?