ಸವಳು ಮಣ್ಣು ಮತ್ತು ಉಬ್ಬೆ

ಸಾಬೂನು ಇಲ್ಲದ ಕಾಲಕ್ಕೆ ನಮ್ಮ ಭಾಗದ ಹಳ್ಳಿಗಳಲ್ಲಿ ಬಟ್ಟೆ ಒಗೆಯಲು ಸವಳು ಮಣ್ಣೇ ಆಧಾರ. ಈ ಮಣ್ಣಿನಲ್ಲಿರುವ ಸೋಡಾದ ಅಂಶ ಜಿಡ್ಡು ಬಿಡಿಸುತ್ತದೆ. ಅಗಸರ ಮನೆಯವರು ಸವಳು ಕಲಸಿದ ನೀರಿಗೆ ಬಟ್ಟೆ ಅದ್ದಿ, ನೀರು ಕುದಿಯುವ ದೊಡ್ಡ ಗಡಿಗೆ ಮೇಲೆ ಒಟ್ಟಿ, ಹಬೆಯಲ್ಲಿ ಬೇಯಿಸುತ್ತಿದ್ದರು. ಇದೇ ಉಬ್ಬೆ. ಮುಂಜಾನೆ ಕತ್ತೆ ಮೇಲೆ ಹೇರಿಕೊಂಡು ಹಳ್ಳಕ್ಕೆ ಹೋಗಿ ಬಂಡೆಗೆ ಬಡಿದರೆ ಧೋತರ ಬೆಳ್ಳಗಾಗುತ್ತಿತ್ತು. ನಾಜೂಕು ಸೀರೆಗೆ ಅಂಟುವಾಳದ ನೊರೆ, ಬಡವರ ಮನೆಯಾಗ ಒಲೆಯ ಬೂದಿ.

ಕೂಲಿ ರೊಕ್ಕದಲ್ಲಿ ಇರಲಿಲ್ಲ. ಸುಗ್ಗಿಗೆ ಕಣದಾಗ ಜೋಳದ ಆಯ, ಅಷ್ಟೇ. ಮಳೆ ಹೋದ ವರ್ಷ ಅದೂ ಇಲ್ಲ.

12ನೇ ಶತಮಾನದಲ್ಲಿ ಶರಣ ಮಡಿವಾಳ ಮಾಚಿದೇವರು ಈ ಕಾಯಕಕ್ಕೆ ಗೌರವ ತಂದರು. ಊರು ಮಾತ್ರ ಅದನ್ನು ಪೂರ್ತಿ ಕಲಿಯಲಿಲ್ಲ.

1953ರಲ್ಲಿ ತುಂಗಭದ್ರಾ ಅಣೆಕಟ್ಟಿನಿಂದ ನೀರು ಬಿಟ್ಟರು. ಮುಂದೆ ಎಡದಂಡೆ ಕಾಲುವೆಯಿಂದ ಭತ್ತ ಬಂತು, ಅಂಗಡಿಗೆ ಸೋಪಿನ ಪುಡಿ ಬಂತು. ಉಬ್ಬೆ ಆರಿತು, ಆಯ ನಿಂತಿತು. ಅತಿಯಾಗಿ ನೀರು ನಿಂತ ಹೊಲಗಳಲ್ಲಿ ಅದೇ ಸವಳು ಮೇಲೆದ್ದು ಬೆಳೆ ಕೆಡಿಸುತ್ತಿದೆ.

ಪಹಣಿ ಇದ್ದವರಿಗೆ ಬೆಳೆಸಾಲ ಸಿಕ್ಕಿತು. ಹೊಲ ಇಲ್ಲದ ಅಗಸರ ಮನೆಗೆ ಏನು ಸಿಕ್ಕಿತು? ಬೆಳ್ಳಿಹಬ್ಬದ ಈ ಹೊತ್ತಿನಲ್ಲಿ ನಮ್ಮ ಸಂಘ ಇದನ್ನು ವಿಚಾರ ಮಾಡಬೇಕೆಂದು ನನ್ನ ಕಳಕಳಿಯ ವಿನಂತಿ.