ಹಳೆಯ ಡೀಸೆಲ್ ಕಾರುಗಳಲ್ಲಿ ಎಂಜಿನ್ ಅತಿಯಾಗಿ ಕಾಯುವುದು: ಥರ್ಮೋಸ್ಟಾಟ್ ಪರೀಕ್ಷೆ ಹಾಗೂ ದೋಷ ಪತ್ತೆ ಕುರಿತು ವಾಹನ ಮಾಲೀಕರಿಗೆ ಮಾಹಿತಿ

ಮೋಟಾರು ವಾಹನಗಳ ಅಧಿನಿಯಮ, 1988ರ 41ನೇ ಪ್ರಕರಣದ ಮೇರೆಗೆ ಸ್ವಂತ ಬಳಕೆಯ ಕಾರಿನ ನೋಂದಣಿ ಪ್ರಮಾಣಪತ್ರವು 15 ವರ್ಷಗಳವರೆಗೆ ಸಿಂಧುವಾಗಿರುತ್ತದೆ. ಆ ಬಳಿಕ ಕೇಂದ್ರ ಮೋಟಾರು ವಾಹನಗಳ ನಿಯಮಗಳು, 1989ರ 52ನೇ ನಿಯಮದಂತೆ ನಮೂನೆ 25ರಲ್ಲಿ ಅರ್ಜಿ ಸಲ್ಲಿಸಿ, ವಾಹನವನ್ನು ತಪಾಸಣೆಗೆ ಹಾಜರುಪಡಿಸಿ, ನೋಂದಣಿಯನ್ನು ನವೀಕರಿಸಿಕೊಳ್ಳಬೇಕಾಗುತ್ತದೆ. ಹೀಗೆ ಹಾಜರುಪಡಿಸಲಾಗುವ ಹಳೆಯ ಡೀಸೆಲ್ ವಾಹನಗಳಲ್ಲಿ ಹೊಗೆ ಪರೀಕ್ಷೆಯೇ ಬಹುಮುಖ್ಯ ಘಟ್ಟ. ಎಂಜಿನ್ ತಕ್ಕಷ್ಟು ಬಿಸಿಯಾದ ನಂತರ, ಗೇರನ್ನು ನ್ಯೂಟ್ರಲ್‌ನಲ್ಲಿರಿಸಿ, ಆಕ್ಸಿಲರೇಟರನ್ನು ಪೂರ್ಣವಾಗಿ ಒತ್ತಿ ಹಲವು ಬಾರಿ ಈ ಪರೀಕ್ಷೆ ನಡೆಸಲಾಗುತ್ತದೆ. ತಂಪುಗೊಳಿಸುವ ವ್ಯವಸ್ಥೆ ಕೆಟ್ಟಿರುವ ವಾಹನವು ಈ ಸಂದರ್ಭದಲ್ಲಿಯೇ ಕುದಿಯತೊಡಗಬಹುದು, ಇಲ್ಲವೇ ಬಿಸಿಯೇ ಆಗದೆ ಹೊಗೆ ಉಗುಳಬಹುದು. ಆದುದರಿಂದ ಅರ್ಜಿ ಸಲ್ಲಿಸುವ ಮುನ್ನವೇ ಮಾಲೀಕರು ಅರಿತಿರಬೇಕಾದ ಸಂಗತಿಗಳನ್ನು ಇಲ್ಲಿ ನೀಡಲಾಗಿದೆ. ಅಂಬಾಸಡರ್, ಕ್ವಾಲಿಸ್, ಇಂಡಿಕಾ ಮೊದಲಾದ ವಾಹನಗಳ ತಯಾರಿಕೆ ನಿಂತು ವರ್ಷಗಳೇ ಆಗಿದ್ದರೂ ಅವುಗಳನ್ನು ಉಳಿಸಿಕೊಂಡಿರುವವರಿಗೆ ಈ ಮಾಹಿತಿ ವಿಶೇಷವಾಗಿ ಅನ್ವಯಿಸುತ್ತದೆ.

ಥರ್ಮೋಸ್ಟಾಟ್‌ನ ಕಾರ್ಯ

ಎಂಜಿನ್ ಮತ್ತು ರೇಡಿಯೇಟರಿನ ನಡುವೆ ಇರುವ ಚಿಕ್ಕ ಕವಾಟವೇ ಥರ್ಮೋಸ್ಟಾಟ್. ಇದರ ಲೋಹದ ಗುಂಡಿಯೊಳಗೆ ವಿಶೇಷ ಮೇಣವನ್ನು ತುಂಬಿರುತ್ತಾರೆ. ಕೂಲೆಂಟ್ ನಿಗದಿತ ಉಷ್ಣತೆ ತಲುಪಿದಾಗ ಮೇಣವು ಕರಗಿ ಹಿಗ್ಗುತ್ತದೆ, ಒಂದು ಕಡ್ಡಿಯನ್ನು ತಳ್ಳುತ್ತದೆ, ಕವಾಟ ತೆರೆಯುತ್ತದೆ. ತಣಿದಾಗ ಸ್ಪ್ರಿಂಗ್ ಅದನ್ನು ಮರಳಿ ಮುಚ್ಚುತ್ತದೆ. ತೆರೆಯಲಾರಂಭಿಸುವ ಉಷ್ಣತೆಯನ್ನು ಬಿಡಿಭಾಗದ ಮೇಲೆಯೇ ಅಚ್ಚೊತ್ತಿರುತ್ತಾರೆ. 82 ಅಥವಾ 88 ಡಿಗ್ರಿ ಸೆಲ್ಸಿಯಸ್ ಸಾಮಾನ್ಯವಾಗಿ ಕಂಡುಬರುವ ಅಂಕಿಗಳು. ಅಲ್ಲಿಂದ ಸುಮಾರು 10ರಿಂದ 15 ಡಿಗ್ರಿ ಮೇಲೇರುವಷ್ಟರಲ್ಲಿ ಕವಾಟ ಪೂರ್ತಿ ತೆರೆದಿರಬೇಕು.

ಥರ್ಮೋಸ್ಟಾಟ್ ಎಂದರೆ ಎಂಜಿನನ್ನು ತಂಪಾಗಿಡುವ ಸಾಧನವೆಂಬ ಭಾವನೆ ಸಾರ್ವಜನಿಕರಲ್ಲಿದೆ. ಇದು ಅರ್ಧ ಸತ್ಯ ಮಾತ್ರ. ಎಂಜಿನನ್ನು ಬೇಗನೆ ಬಿಸಿ ಮಾಡಿ ಆ ಬಿಸಿಯಲ್ಲಿಯೇ ನಿಲ್ಲಿಸುವುದು ಇದರ ಮೊದಲ ಕೆಲಸ. ಡೀಸೆಲ್ ಎಂಜಿನ್‌ನಲ್ಲಿ ಕಿಡಿ ಇರುವುದಿಲ್ಲ. ಒತ್ತಲ್ಪಟ್ಟ ಗಾಳಿಯ ಬಿಸಿಯಿಂದಲೇ ಇಂಧನ ಹೊತ್ತಿಕೊಳ್ಳಬೇಕು. ಎಂಜಿನ್ ತಣ್ಣಗಿದ್ದರೆ ದಹನ ಅಪೂರ್ಣವಾಗಿ, ಹೊಗೆಯೂ ಡೀಸೆಲ್ ಖರ್ಚೂ ಹೆಚ್ಚುತ್ತವೆ.

ಥರ್ಮೋಸ್ಟಾಟ್ ತೆಗೆದುಹಾಕುವ ಪದ್ಧತಿ

ಗಾಡಿ ಕಾಯುತ್ತಿದೆ ಎಂದ ಕೂಡಲೇ ಥರ್ಮೋಸ್ಟಾಟನ್ನೇ ಕಿತ್ತುಹಾಕಿ, ‘ನಮ್ಮ ಊರಿನ ಸೆಕೆಗೆ ಇದು ಬೇಡ’ ಎಂದು ಸಲಹೆ ನೀಡುವ ಮೆಕ್ಯಾನಿಕ್‌ಗಳು ಇಂದಿಗೂ ಇದ್ದಾರೆ. ಈ ಸಲಹೆಯನ್ನು ಒಪ್ಪಲಾಗದು. ತಂಪಾಗಿಯೇ ಓಡುವ ಎಂಜಿನ್‌ನಲ್ಲಿ ಸಿಲಿಂಡರ್ ಗೋಡೆಗಳು ಬೇಗ ಸವೆಯುತ್ತವೆ, ಆಯಿಲ್ ಕೆಸರಾಗುತ್ತದೆ. ಇನ್ನೊಂದು ಸಂಗತಿ ಹಲವರಿಗೆ ತಿಳಿದಿಲ್ಲ: ಅನೇಕ ಎಂಜಿನ್‌ಗಳಲ್ಲಿ ಥರ್ಮೋಸ್ಟಾಟ್ ತೆರೆಯುವಾಗ ಅದರ ಕೆಳತುದಿಯು ಬೈಪಾಸ್ ದಾರಿಯನ್ನು ಮುಚ್ಚುತ್ತದೆ. ಥರ್ಮೋಸ್ಟಾಟ್ ಇಲ್ಲದಿದ್ದರೆ ಬೈಪಾಸ್ ಸದಾ ತೆರೆದಿದ್ದು, ಕೂಲೆಂಟಿನ ಒಂದು ಭಾಗ ರೇಡಿಯೇಟರಿಗೆ ಹೋಗದೆ ಎಂಜಿನ್‌ನಲ್ಲಿಯೇ ಸುತ್ತುತ್ತದೆ. ಪರಿಣಾಮವಾಗಿ ಬೆಳಗಿನ ಹೊತ್ತು ಬಿಸಿಯಾಗದ ಗಾಡಿಯೇ ಘಾಟಿ ಏರುವಾಗ ಕುದಿಯುತ್ತದೆ. ಲೆಕ್ಕಪತ್ರದ ದೃಷ್ಟಿಯಿಂದ ನೋಡಿದರೂ, ಸಿಲಿಂಡರ್ ಹೆಡ್ ಬಿಚ್ಚಿ ಮಟ್ಟ ಮಾಡಿಸುವ ವೆಚ್ಚದ ಮುಂದೆ ಹೊಸ ಥರ್ಮೋಸ್ಟಾಟಿನ ಬೆಲೆ ನಗಣ್ಯ.

ಯಾವಾಗ ಕಾಯುತ್ತದೆ ಎಂಬುದನ್ನು ಗಮನಿಸುವುದು

ಯಾವುದೇ ಭಾಗವನ್ನು ಬದಲಾಯಿಸುವ ಮೊದಲು ಮಾಲೀಕರು ಈ ಒಂದು ವಿಷಯವನ್ನು ಬರೆದಿಟ್ಟುಕೊಳ್ಳುವುದು ಸೂಕ್ತ. ಅರ್ಧ ದೋಷಪತ್ತೆ ಇದರಲ್ಲಿಯೇ ಮುಗಿಯುತ್ತದೆ. ಸಿಗ್ನಲ್‌ಗಳಲ್ಲಿ ನಿಂತಾಗ ಮಾತ್ರ ಮುಳ್ಳು ಏರಿ, ಓಡುವಾಗ ಇಳಿದರೆ ಗಾಳಿಯ ಕೊರತೆಯನ್ನು, ಅಂದರೆ ವಿದ್ಯುತ್ ಫ್ಯಾನ್, ಅದರ ಸ್ವಿಚ್ ಅಥವಾ ಫ್ಯಾನಿನ ವಿಸ್ಕಸ್ ಕಪ್ಲಿಂಗನ್ನು ಶಂಕಿಸಬೇಕು. ನಗರದಲ್ಲಿ ಸರಿಯಿದ್ದು, ಹೆದ್ದಾರಿಯಲ್ಲಿ ಅಥವಾ ಶಿರಾಡಿ, ಚಾರ್ಮಾಡಿಯಂತಹ ಏರಿನಲ್ಲಿ ಕಾದರೆ ರೇಡಿಯೇಟರ್ ಕಟ್ಟಿರುವುದು, ಬೆಲ್ಟ್ ಜಾರುತ್ತಿರುವುದು ಅಥವಾ ಥರ್ಮೋಸ್ಟಾಟ್ ಅರೆಬರೆ ತೆರೆಯುತ್ತಿರುವುದು ಸಂಭವ. ಏರಿನಲ್ಲಿ ಕಪ್ಪು ಹೊಗೆಯೂ ಜೊತೆಗಿದ್ದರೆ ಡೀಸೆಲ್ ಪಂಪಿನ ಟೈಮಿಂಗ್ ಹಾಗೂ ಇಂಜೆಕ್ಟರ್‌ಗಳನ್ನು ಪರಿಶೀಲಿಸಬೇಕು. ಹೊರಟ ಹತ್ತು ನಿಮಿಷದೊಳಗೇ ಮುಳ್ಳು ಕೆಂಪು ಗೆರೆ ಮುಟ್ಟಿದರೆ, ಕೂಲೆಂಟ್ ಮಟ್ಟ ಸರಿಯಿದ್ದ ಪಕ್ಷದಲ್ಲಿ, ಮುಚ್ಚಿಕೊಂಡೇ ಸಿಲುಕಿದ ಥರ್ಮೋಸ್ಟಾಟ್ ಅಥವಾ ಕೆಲಸ ಮಾಡದ ವಾಟರ್ ಪಂಪ್ ಕಾರಣವಾಗಿರುವ ಸಾಧ್ಯತೆ ಹೆಚ್ಚು.

ಮುಳ್ಳನ್ನು ಪೂರ್ತಿಯಾಗಿ ನಂಬುವಂತಿಲ್ಲ. ಕೂಲೆಂಟ್ ಸೋರಿ ಹೋಗಿ ಸೆನ್ಸರ್ ಒಣಗಿದಾಗ ಎಂಜಿನ್ ಸುಡುತ್ತಿದ್ದರೂ ಮುಳ್ಳು ಕೆಳಗೇ ಇರಬಹುದು. ಇದಕ್ಕೆ ವ್ಯತಿರಿಕ್ತವಾಗಿ, ಕೆಲವು ಹಳೆಯ ಕಾರುಗಳಲ್ಲಿ ಡೀಸೆಲ್ ಮುಳ್ಳೂ ಉಷ್ಣತೆಯ ಮುಳ್ಳೂ ಒಟ್ಟಿಗೆ ಮೇಲೇರಿದರೆ ದೋಷವಿರುವುದು ಡ್ಯಾಷ್‌ಬೋರ್ಡಿನ ವೋಲ್ಟೇಜ್ ನಿಯಂತ್ರಕದಲ್ಲಿ.

ಹೋಸ್ ಪೈಪುಗಳ ಪರೀಕ್ಷೆ

ಎಂಜಿನ್ ಪೂರ್ತಿ ತಣ್ಣಗಿರುವಾಗ ಚಾಲನೆ ಮಾಡಿ ರೇಡಿಯೇಟರಿನ ಮೇಲಿನ ಹೋಸನ್ನು ಗಮನಿಸಬೇಕು. ಥರ್ಮೋಸ್ಟಾಟ್ ಸರಿಯಿದ್ದಲ್ಲಿ ಅದು ಕೆಲವು ನಿಮಿಷ ತಣ್ಣಗಿದ್ದು, ಕವಾಟ ತೆರೆದೊಡನೆ ಬೇಗನೆ ಬಿಸಿಯಾಗುತ್ತದೆ. ಮೊದಲಿನಿಂದಲೇ ನಿಧಾನವಾಗಿ ಬಿಸಿಯೇರಿದರೆ ಕವಾಟ ತೆರೆದೇ ಸಿಲುಕಿದೆ ಅಥವಾ ಯಾರೋ ತೆಗೆದುಹಾಕಿದ್ದಾರೆ ಎಂದರ್ಥ. ಮುಳ್ಳು ಮೇಲೇರಿದ ಮೇಲೂ ಹೋಸ್ ತಣ್ಣಗಿದ್ದರೆ ಕವಾಟ ತೆರೆದಿಲ್ಲ, ಇಲ್ಲವೇ ಪಂಪು ನೀರನ್ನು ತಳ್ಳುತ್ತಿಲ್ಲ. ಮೇಲಿನದು ಸುಡುತ್ತಿದ್ದು ಕೆಳಗಿನದು ತಣ್ಣಗೇ ಉಳಿದರೆ ರೇಡಿಯೇಟರ್ ಒಳಗೆ ಕಟ್ಟಿರುವ ಸಂಭವವಿದೆ. ಕೆಲವು ಎಂಜಿನ್‌ಗಳಲ್ಲಿ ಥರ್ಮೋಸ್ಟಾಟ್ ಕೆಳಗಿನ ಹೋಸಿನ ಬದಿಗಿರುವುದರಿಂದ ವಾಹನದ ಕೈಪಿಡಿಯನ್ನು ಮೊದಲು ನೋಡತಕ್ಕದ್ದು. ಬೆಲ್ಟ್ ಮತ್ತು ಫ್ಯಾನಿನಿಂದ ಕೈ, ಸೀರೆಯ ಸೆರಗು, ಶಲ್ಯ ದೂರವಿರಲಿ. ವಿದ್ಯುತ್ ಫ್ಯಾನ್ ಕೆಲವು ಕಾರುಗಳಲ್ಲಿ ಕೀಲಿ ತೆಗೆದ ಮೇಲೂ ತಾನಾಗಿ ತಿರುಗುತ್ತದೆ.

ಪಾತ್ರೆಯಲ್ಲಿ ಪರೀಕ್ಷೆ

ಬಿಚ್ಚಿದ ಥರ್ಮೋಸ್ಟಾಟನ್ನು ದಾರದಿಂದ ಕಟ್ಟಿ, ತಳಕ್ಕೆ ತಾಗದಂತೆ ನೀರಿನ ಪಾತ್ರೆಯಲ್ಲಿ ಇಳಿಬಿಟ್ಟು, ಪಕ್ಕದಲ್ಲಿ ಉಷ್ಣಮಾಪಕವಿರಿಸಿ ಕಾಯಿಸಬೇಕು. ಈ ಪಾತ್ರೆಯನ್ನು ಮತ್ತೆ ಅಡುಗೆಗೆ ಬಳಸಬಾರದು. ಅಚ್ಚೊತ್ತಿದ ಅಂಕಿಯ ಆಸುಪಾಸಿನಲ್ಲಿ ಕವಾಟ ಬಾಯಿ ಬಿಡಬೇಕು. ನೀರು ಕುದಿಯುವಷ್ಟರಲ್ಲಿ ಚೆನ್ನಾಗಿ ತೆರೆದಿರಬೇಕು. ಹೊರತೆಗೆದಾಗ ಪೂರ್ತಿ ಮುಚ್ಚಬೇಕು. ಸಮುದ್ರಮಟ್ಟದಿಂದ ಸುಮಾರು 900 ಮೀಟರ್ ಎತ್ತರದ ಬೆಂಗಳೂರಿನಲ್ಲಿ ನೀರು 97 ಡಿಗ್ರಿಯ ಸುಮಾರಿಗೇ ಕುದಿಯುವುದರಿಂದ, 88ರ ಥರ್ಮೋಸ್ಟಾಟ್ ಅಲ್ಲಿ ಕೊನೆಯ ಒಂದೆರಡು ಮಿಲಿಮೀಟರ್ ತೆರೆಯದಿದ್ದರೆ ಅದನ್ನು ದೋಷವೆಂದು ಎಣಿಸಬೇಕಿಲ್ಲ. ಮರುಜೋಡಿಸುವಾಗ ಮೇಣದ ಗುಂಡಿ ಎಂಜಿನ್ ಕಡೆಗೂ, ಗಾಳಿ ಹೋಗುವ ಸಣ್ಣ ರಂಧ್ರ ಮೇಲ್ಭಾಗಕ್ಕೂ ಇರಬೇಕು. ಹೊಸ ಗ್ಯಾಸ್ಕೆಟ್ ಹಾಕಿ, ವ್ಯವಸ್ಥೆಯೊಳಗಿನ ಗಾಳಿಯನ್ನು ಪೂರ್ತಿ ಹೊರಹಾಕಿಸಬೇಕು.

ಥರ್ಮೋಸ್ಟಾಟ್ ಸರಿಯಿದ್ದೂ ಕಾಯುತ್ತಿದ್ದರೆ

ನಮ್ಮ ರಾಜ್ಯದ ಬಹಳಷ್ಟು ಕಡೆ ಕೊಳವೆಬಾವಿಯ ನೀರು ಗಡಸು. ಅದನ್ನೇ ವರ್ಷಗಟ್ಟಲೆ ರೇಡಿಯೇಟರಿಗೆ ಸುರಿದರೆ ಸ್ನಾನದ ಹಂಡೆಯಲ್ಲಿ ಕಟ್ಟುವಂತಹ ಬಿಳಿ ಪದರವೇ ಎಂಜಿನ್ ಒಳಗೂ ಕಟ್ಟಿ ಶಾಖ ಹೊರಹೋಗದಂತೆ ತಡೆಯುತ್ತದೆ. ತಯಾರಕರು ಸೂಚಿಸಿದ ಕೂಲೆಂಟನ್ನು ಖನಿಜರಹಿತ ನೀರಿನೊಂದಿಗೆ ಹೇಳಿದ ಪ್ರಮಾಣದಲ್ಲಿ ಬೆರೆಸುವುದೇ ಪರಿಹಾರ. ಹಳೆಯ ಕೂಲೆಂಟ್ ವಿಷಕಾರಿ. ರುಚಿ ಸಿಹಿಯಾಗಿರುವುದರಿಂದ ದನಕರು, ನಾಯಿಗಳು ನೆಕ್ಕುತ್ತವೆ. ಅದನ್ನು ನೆಲಕ್ಕಾಗಲೀ ಚರಂಡಿಗಾಗಲೀ ಸುರಿಯಬಾರದು.

ತಣ್ಣನೆಯ ಎಂಜಿನನ್ನು ರೇಡಿಯೇಟರ್ ಮುಚ್ಚಳ ತೆಗೆದು ಚಾಲನೆ ಮಾಡಿದಾಗ ಗುಳ್ಳೆಗಳು ಎಡೆಬಿಡದೆ ಬಂದರೆ, ಅಥವಾ ಸೋರಿಕೆ ಕಾಣದಿದ್ದರೂ ಕೂಲೆಂಟ್ ಕಡಿಮೆಯಾಗುತ್ತಿದ್ದರೆ, ಹೆಡ್ ಗ್ಯಾಸ್ಕೆಟ್ ಕೆಟ್ಟಿರುವ ಶಂಕೆ ಬಲವಾಗುತ್ತದೆ. ಸಿಲಿಂಡರಿನ ಅನಿಲವು ಕೂಲೆಂಟಿಗೆ ಸೇರುತ್ತಿದೆಯೇ ಎಂಬುದನ್ನು ಬಣ್ಣ ಬದಲಾಗುವ ದ್ರಾವಣದಿಂದ ಖಚಿತಪಡಿಸಿಕೊಳ್ಳಬಹುದು. ಹೆಡ್ ಬಿಚ್ಚಲು ಒಪ್ಪಿಗೆ ನೀಡುವ ಮುನ್ನ ಈ ಪರೀಕ್ಷೆಯನ್ನು ಕೇಳಿ ಮಾಡಿಸಿಕೊಳ್ಳಿ.

ದಾರಿಯಲ್ಲಿ ಕುದಿದರೆ

ಎ.ಸಿ. ಆರಿಸಿ, ಹೀಟರ್ ಇದ್ದಲ್ಲಿ ಪೂರ್ತಿ ತೆರೆದು, ಸುರಕ್ಷಿತ ಜಾಗದಲ್ಲಿ ನಿಲ್ಲಿಸಬೇಕು. ಆವಿ ಬರುತ್ತಿದ್ದರೆ ಅಥವಾ ಬೆಲ್ಟ್ ತುಂಡಾಗಿದ್ದರೆ ಎಂಜಿನನ್ನು ತಕ್ಷಣ ಆರಿಸಬೇಕು. ಬಿಸಿ ಇರುವಾಗ ರೇಡಿಯೇಟರ್ ಮುಚ್ಚಳವನ್ನು ಯಾವ ಕಾರಣಕ್ಕೂ ತೆರೆಯಬಾರದು. ಮುಚ್ಚಳವು ಒತ್ತಡ ಹಿಡಿದಿರುವುದರಿಂದ ಒಳಗಿನ ನೀರು 100 ಡಿಗ್ರಿ ಮೀರಿಯೂ ಕುದಿಯದೆ ನಿಂತಿರುತ್ತದೆ. ತೆರೆದ ಕ್ಷಣದಲ್ಲಿ ಆವಿಯಾಗಿ ಮುಖಕ್ಕೆ ಚಿಮ್ಮುತ್ತದೆ. ಬಟ್ಟೆ ಸುತ್ತಿಕೊಂಡ ಕೈಯೂ ಇದರಿಂದ ಸುಡುತ್ತದೆ. ಕನಿಷ್ಠ ಅರ್ಧ ಗಂಟೆ ಕಾದು, ಮೇಲಿನ ಹೋಸ್ ಹಿಸುಕಿದರೆ ಮೆತ್ತಗಾಗಿದೆ ಎಂದು ಖಾತ್ರಿಯಾದ ಮೇಲೆಯೇ ಮುಟ್ಟಬೇಕು. ಕಾದ ಎಂಜಿನ್ ಮೇಲೆ ತಣ್ಣೀರು ಎರಚಿದರೆ ಹೆಡ್ ಸೀಳಬಹುದು.

ಅರ್ಜಿದಾರರ ಗಮನಕ್ಕೆ

ನವೀಕರಣದ ಅರ್ಜಿಯನ್ನು ಪ್ರಮಾಣಪತ್ರದ ಅವಧಿ ಮುಗಿಯುವ ದಿನಾಂಕಕ್ಕೆ 60 ದಿನಗಳಿಗಿಂತ ಮೊದಲು ಸಲ್ಲಿಸುವಂತಿಲ್ಲ. ದುರಸ್ತಿಯನ್ನು ಈ ಅವಧಿ ಆರಂಭವಾಗುವ ಮೊದಲೇ ಮುಗಿಸಿಕೊಂಡು, ಎರಡು ಮೂರು ದಿನ ವಾಹನವನ್ನು ಓಡಿಸಿ, ಪ್ರತಿದಿನ ಬೆಳಿಗ್ಗೆ ತಣ್ಣಗಿರುವಾಗ ಕೂಲೆಂಟ್ ಮಟ್ಟವನ್ನು ಗುರುತು ಹಾಕಿ ನೋಡಿ. ಮಟ್ಟ ಇಳಿಯುತ್ತಿಲ್ಲವೆಂದು ಕಂಡ ಮೇಲೆ ಹೊಗೆ ತಪಾಸಣೆ ಮಾಡಿಸಿ, ಅನಂತರ ವಾಹನವನ್ನು ಹಾಜರುಪಡಿಸುವುದು. ತಪಾಸಣೆಯ ದಿನ ವಾಹನವನ್ನು ಚಾಲನೆ ಮಾಡಿಕೊಂಡೇ ಬರುವುದು ಒಳಿತು, ಎಂಜಿನ್ ಅಷ್ಟರಲ್ಲಿ ಬಿಸಿಯಾಗಿರುತ್ತದೆ.